ಗೋಡೆಯ ಮೇಲಿನ ಮಾರ್ಲಿ, ತೆರೆಯ ಮೇಲಿನ ಮಾರ್ಲಿ

ಬೇಸಿಗೆ ರಜೆಯ ಒಂದು ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಕೊನೆಯ ಮನೆಯ ಮೇಷ್ಟ್ರು ಕಂಕುಳಲ್ಲಿ ಒಂದು ಕಾಗದದ ಸುರುಳಿ ಇಟ್ಟುಕೊಂಡು ನಮ್ಮ ಮನೆಗೆ ಬಂದರು. ರಾತ್ರಿ ನಿದ್ದೆ ಮಾಡಿದ ಮುಖವಲ್ಲ ಅದು. ಕಾಫಿ ಬರುವ ತನಕವೂ ಕಾಯದೆ ಸುರುಳಿ ಬಿಚ್ಚಿ ನೆಲದ ಮೇಲೆ ಹಾಸಿದರು. ಪೋಸ್ಟರು. ಜಡೆಗಟ್ಟಿದ ಕೂದಲು, ಅರ್ಧ ಮುಚ್ಚಿದ ಕಣ್ಣು, ಬಾಯಿಂದ ಹೊರಟ ಹೊಗೆ, ಹಿಂದೆ ಹಸಿರು, ಹಳದಿ, ಕೆಂಪು ಪಟ್ಟೆಗಳು.

‘ಯಾರು ಸಾರ್ ಇವನು? ನಮ್ಮ ಹುಡುಗ ಓದೋ ಮೇಜಿನ ಎದುರಿಗೇ ಅಂಟಿಸಿಕೊಂಡಿದ್ದಾನೆ. ಸರಸ್ವತಿ ಪಟ ಇದ್ದ ಜಾಗ ಅದು!’

ಮೇಷ್ಟ್ರ ಸಂಕಟ ನನಗೆ ಅರ್ಥವಾಯಿತು. ಮಗ ದ್ವಿತೀಯ ಪಿಯುಸಿ ಪರೀಕ್ಷೆ ಬರೆದು ಕೂತಿದ್ದಾನೆ. ಓದುವ ಕೋಣೆಯ ಬಾಗಿಲು ಈಚೆಗೆ ಹೆಚ್ಚು ಹೊತ್ತು ಮುಚ್ಚಿರುತ್ತದೆ. ಈಗ ಗೋಡೆಯ ಮೇಲೆ ಹೊಗೆ ಬಿಡುವ ಮನುಷ್ಯ. ಎರಡಕ್ಕೆ ಎರಡು ಸೇರಿಸಿ ಐದು ಮಾಡಿಕೊಂಡು ಅವರು ರಾತ್ರಿಯೆಲ್ಲ ಹೊರಳಾಡಿದ್ದಾರೆ. ಪೋಸ್ಟರನ್ನು ಹರಿಯದೆ ಹುಷಾರಾಗಿ ಬಿಡಿಸಿ ತಂದಿದ್ದರು ಎಂಬುದನ್ನು ಮಾತ್ರ ನಾನು ಗಮನಿಸಿದೆ. ಆ ಮನುಷ್ಯ ಯಾರೆಂದು ತಿಳಿಯುವ ತನಕ ಹರಿಯಬಾರದು ಎಂಬ ಮೇಷ್ಟ್ರುತನ ಇನ್ನೂ ಉಳಿದಿತ್ತು.

‘ಇವನ ಹಾಡು ಕೇಳಿದ್ದೀರಾ ಮೇಷ್ಟ್ರೇ?’

‘ಇಲ್ಲ.’

‘ನಿಮ್ಮ ಹುಡುಗ ಕೇಳಿದ್ದಾನಾ?’

ಮೇಷ್ಟ್ರು ಒಳಗೊಳಗೇ ಹೌಹಾರಿದರು. ಅದು ಅವರು ಯೋಚಿಸಿರದ ಪ್ರಶ್ನೆ. ಮಧ್ಯಾಹ್ನ ಹುಡುಗನನ್ನು ಕರೆಸಿ ಕೇಳಿದಾಗ ಅವನು ತಲೆ ಕೆರೆದುಕೊಂಡ. ‘ಎರಡು ಮೂರು ಕೇಳಿದೀನಿ ಅಂಕಲ್. ಟೀ ಶರ್ಟ್ ಮೇಲೆ ಎಲ್ಲಾ ಕಡೆ ಇರ್ತಾನಲ್ಲ, ಚೆನ್ನಾಗಿತ್ತು, ತಂದೆ.’

ಅಪ್ಪನಿಗೂ ಗೊತ್ತಿಲ್ಲ, ಮಗನಿಗೂ ಅಷ್ಟೇನೂ ಗೊತ್ತಿಲ್ಲ. ಜಗಳ ಮಾತ್ರ ಇಬ್ಬರಿಗೂ ಗೊತ್ತು. ನಾನು ಒಂದು ಒಪ್ಪಂದ ಮಾಡಿಸಿದೆ. ಮೂರು ಭಾನುವಾರ ನಮ್ಮ ಮನೆಯಲ್ಲಿ ಮೂರು ಸಿನಿಮಾ ನೋಡುವುದು. ಅಲ್ಲಿಯವರೆಗೆ ಪೋಸ್ಟರು ನಮ್ಮ ಬೀರುವಿನ ಮೇಲೆ. ತೀರ್ಪು ಆಮೇಲೆ.

ಈ ವಾರದ ಅಂಕಣ ಆ ಮೂರು ಭಾನುವಾರಗಳ ವರದಿ.

ಆಸಾಮಿ ಯಾರು?

ಮೊದಲು ಪರಿಚಯ. ಬಾಬ್ ಮಾರ್ಲಿ ಹುಟ್ಟಿದ್ದು 1945ರ ಫೆಬ್ರುವರಿ 6ರಂದು, ಜಮೈಕಾ ದ್ವೀಪದ ನೈನ್ ಮೈಲ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ. ತಾಯಿ ಸೆಡೆಲಾ ಆಗ ಹದಿನೆಂಟರ ಕಪ್ಪು ಹುಡುಗಿ. ತಂದೆ ನಾರ್ವಲ್ ಮಾರ್ಲಿ ವಯಸ್ಸಾದ ಬಿಳಿಯ. ಮದುವೆಯೇನೋ ಆಯಿತು, ಸಂಸಾರ ಆಗಲಿಲ್ಲ. ಅಪ್ಪನ ಮುಖ ಹುಡುಗನಿಗೆ ಕಂಡದ್ದು ಅಪರೂಪ. ತಾಯಿ ಮಗ ಇಬ್ಬರೂ ರಾಜಧಾನಿ ಕಿಂಗ್‌ಸ್ಟನ್‌ಗೆ ಬಂದು ಟ್ರೆಂಚ್ ಟೌನ್ ಎಂಬ ಬಡವರ ಕೇರಿಯಲ್ಲಿ ನೆಲೆಸಿದರು. ಹುಡುಗ ವೆಲ್ಡಿಂಗ್ ಕಲಿಯಲು ಹೋದ. ಲೋಹದ ಚೂರು ಕಣ್ಣಿಗೆ ಹಾರಿತು. ಆ ಕೆಲಸ ಬಿಟ್ಟು ಹಾಡು ಹಿಡಿದ. 1962ರಲ್ಲಿ ಮೊದಲ ರೆಕಾರ್ಡು. 1963ರಲ್ಲಿ ಪೀಟರ್ ಟಾಷ್, ಬನಿ ವೈಲರ್ ಮೊದಲಾದ ಕೇರಿಯ ಗೆಳೆಯರ ಜತೆ ‘ವೈಲರ್ಸ್’ ತಂಡ.

ಇನ್ನು ರೆಗೆ ಎಂದರೇನು? ನಾನು ಸಂಗೀತ ಬಲ್ಲವನಲ್ಲ, ಆದರೂ ನಾಲ್ಕು ಎಣಿಸುತ್ತ ಕೈ ತಟ್ಟಿ ನೋಡಿ. ನಮ್ಮ ಕೈ ತಾನಾಗಿ ಒಂದಕ್ಕೆ ಜೋರಾಗಿ ಬೀಳುತ್ತದೆ. ರೆಗೆಯ ಹೆಸರಾಂತ ನಡೆಯೊಂದರಲ್ಲಿ ಒಂದನೆಯದಕ್ಕೆ ಡ್ರಮ್ ಬಾಯಿ ಮುಚ್ಚಿಕೊಂಡಿರುತ್ತದೆ. ಪೆಟ್ಟು ಬೀಳುವುದು ಮೂರಕ್ಕೆ. ಗಿಟಾರು ಎಣಿಕೆಗಳ ಸಂದಿಯಲ್ಲಿ ಚುರುಕಾಗಿ ಮೀಟುತ್ತದೆ. ಹಾಡನ್ನು ಹೊತ್ತು ನಡೆಯುವುದು ಬೇಸ್ ಗಿಟಾರಿನ ದಪ್ಪ ದನಿ. ಸ್ಕಾ, ರಾಕ್‌ಸ್ಟೆಡಿ ಎಂಬ ಎರಡು ಅಕ್ಕಂದಿರ ಬೆನ್ನಿಗೆ 1968ರ ಸುಮಾರಿಗೆ ಹುಟ್ಟಿದ ಈ ಸಂಗೀತವನ್ನು 2018ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹುಟ್ಟಿದ್ದು ಮಾತ್ರ ನಲ್ಲಿ ನೀರಿಗೆ ಸಾಲು ನಿಲ್ಲುವ ವಠಾರಗಳಲ್ಲಿ.

1973ರಲ್ಲಿ ಲಂಡನ್ನಿನ ಐಲೆಂಡ್ ಕಂಪನಿಯ ಮೂಲಕ ‘ಕ್ಯಾಚ್ ಎ ಫೈರ್’ ಆಲ್ಬಂ ಬಂದ ಮೇಲೆ ಮಾರ್ಲಿಯ ಹೆಸರು ದ್ವೀಪ ದಾಟಿತು. 1981ರ ಮೇ 11ರಂದು ಕ್ಯಾನ್ಸರಿನಿಂದ ತೀರಿಕೊಂಡಾಗ ವಯಸ್ಸು 36. ಇಷ್ಟು ಸಣ್ಣ ಬದುಕಿನ ಮೇಲೆ ಎಷ್ಟು ಸಿನಿಮಾ! ಅವುಗಳಲ್ಲಿ ಎರಡನ್ನು ಆರಿಸಿದೆ. ಅವಕ್ಕೂ ಮೊದಲು, ಮಾರ್ಲಿ ಇಲ್ಲದ ಒಂದು ಸಿನಿಮಾ.

ಮೊದಲ ಭಾನುವಾರ: ಪಿಸ್ತೂಲಿನ ಫೋಟೊ

‘ದಿ ಹಾರ್ಡರ್ ದೇ ಕಮ್’ 1972ರದು. ಜಮೈಕಾದವರೇ ತಮ್ಮ ನೆಲದಲ್ಲಿ ತೆಗೆದ ಮೊದಲ ಕಥಾಚಿತ್ರ. ನಿರ್ದೇಶಕ ಪೆರಿ ಹೆನ್ಜೆಲ್. ನಾಯಕ ಜಿಮ್ಮಿ ಕ್ಲಿಫ್, ಸ್ವತಃ ದೊಡ್ಡ ಗಾಯಕ, ಹುಡುಗನಾಗಿ ಹಳ್ಳಿಯಿಂದ ಕಿಂಗ್‌ಸ್ಟನ್‌ಗೆ ಬಂದವನು. ಚಿತ್ರದ ಮಾತು ಜಮೈಕಾದ ಆಡುನುಡಿ. ಇಂಗ್ಲಿಷಿನ ಸಂಬಂಧಿಯೇ ಆದರೂ ಅಮೆರಿಕದಲ್ಲಿ ತೋರಿಸುವಾಗ ಕೆಳಗೆ ಇಂಗ್ಲಿಷ್ ಸಾಲು ಹಾಕಬೇಕಾಯಿತು!

ಐವನ್ ಎಂಬ ಹಳ್ಳಿ ಹುಡುಗ ಬಸ್ಸಿನಲ್ಲಿ ಪಟ್ಟಣಕ್ಕೆ ಬರುತ್ತಾನೆ, ಹಾಡುಗಾರನಾಗಬೇಕೆಂದು. ಹಾಡುತ್ತಾನೆ, ಚೆನ್ನಾಗಿಯೇ ಹಾಡುತ್ತಾನೆ. ರೆಕಾರ್ಡು ಮಾಡುವ ಧಣಿ ಕೊಡುವುದು 20 ಡಾಲರು. ಬೇಕಾದರೆ ತಗೋ, ಇಲ್ಲವಾದರೆ ನಡೆ. ರೇಡಿಯೊದಲ್ಲಿ ಯಾವ ಹಾಡು ಬರಬೇಕೆಂಬುದೂ ಅದೇ ಧಣಿಯ ಕೈಯಲ್ಲಿ. ಹೊಟ್ಟೆಪಾಡಿಗೆ ಐವನ್ ಗಾಂಜಾ ಸಾಗಿಸುವ ದಂಧೆಗೆ ಇಳಿಯುತ್ತಾನೆ, ಪೊಲೀಸರ ಮೇಲೆ ಗುಂಡು ಹಾರಿಸುತ್ತಾನೆ, ತಲೆಮರೆಸಿಕೊಳ್ಳುತ್ತಾನೆ. ಅವನು ಕೊಲೆಗಾರನಾದ ಮೇಲೆ ಅವನ ಹಾಡು ಊರೆಲ್ಲ ಮೊಳಗುತ್ತದೆ. ಕಥೆಯ ಹಿಂದೆ 1948ರಲ್ಲಿ ಪೊಲೀಸರ ಗುಂಡಿಗೆ ಸತ್ತ ರೈಗಿನ್ ಎಂಬ ನಿಜವಾದ ಪುಂಡನ ನೆರಳಿದೆ.

ಒಂದು ದೃಶ್ಯ ಬಂದಾಗ ಹುಡುಗ ಸೆಟೆದು ಕೂತ. ಓಡಿ ತಪ್ಪಿಸಿಕೊಂಡು ತಿರುಗುವ ಐವನ್ ಫೋಟೊ ಸ್ಟುಡಿಯೊಗೆ ಹೋಗಿ ಒಳ್ಳೆ ಬಟ್ಟೆ ಹಾಕಿ, ಎರಡು ಕೈಯಲ್ಲಿ ಎರಡು ಪಿಸ್ತೂಲು ಹಿಡಿದು ಭಂಗಿ ಕೊಡುತ್ತಾನೆ. ಆ ಫೋಟೊ ಪತ್ರಿಕೆಗೆ ಹೋಗುತ್ತದೆ.

‘ಅಂಕಲ್, ಇವನು ತನ್ನ ಪೋಸ್ಟರ್ ತಾನೇ ಮಾಡಿಸಿಕೊಂಡ!’

ಸರಿಯಾಗಿ ಹಿಡಿದ. ಪಟ್ಟಣಕ್ಕೆ ಬಂದ ಹೊಸತರಲ್ಲಿ ಐವನ್ ಟಾಕೀಸಿನಲ್ಲಿ ಒಂದು ಕೌಬಾಯ್ ಸಿನಿಮಾ ನೋಡಿರುತ್ತಾನೆ. ಕೊನೆಗೆ ಸಮುದ್ರದ ದಂಡೆಯಲ್ಲಿ ಸೈನಿಕರು ಅವನನ್ನು ಸುತ್ತುವರಿದಾಗ ಅವನ ತಲೆಯೊಳಗೆ ಅದೇ ಟಾಕೀಸಿನ ಜನ ಕೇಕೆ ಹಾಕುತ್ತಿರುತ್ತಾರೆ. ಅವನು ಸಾಯುವುದೂ ಸಿನಿಮಾದ ಹೀರೋನಂತೆ, ನಿಜವಾದ ಗುಂಡಿಗೆ.

ಮೇಷ್ಟ್ರು ನಡುವೆ ಒಂದೆರಡು ಕಡೆ ಕೆಮ್ಮಿದರು. ದೊಡ್ಡವರ ಚಿತ್ರ ಅದು. ಹೆತ್ತವರು ತಾವು ಮೊದಲು ನೋಡಿ ಆಮೇಲೆ ದೊಡ್ಡ ಮಕ್ಕಳಿಗೆ ತೋರಿಸುವುದು ಒಳ್ಳೆಯದು. ಎದ್ದು ಹೋಗುವಾಗ ಮೇಷ್ಟ್ರು ಕೇಳಿದ್ದು ಒಂದೇ: ‘ಆ ಇಪ್ಪತ್ತು ಡಾಲರು ನಿಜವಾ?’ ಮೊತ್ತ ಕಥೆಯದು, ಪದ್ಧತಿ ನಿಜದ್ದು. ವೈಲರ್ಸ್ ತಂಡದ ರೆಕಾರ್ಡುಗಳು 1964ರಿಂದಲೇ ದ್ವೀಪದಲ್ಲೆಲ್ಲ ಓಡಿದರೂ ಹುಡುಗರ ಜೇಬು ತುಂಬಲಿಲ್ಲ. 1966ರಲ್ಲಿ, ರೀಟಾಳನ್ನು ಮದುವೆಯಾದ ಮರುದಿನಗಳಲ್ಲೇ, ಮಾರ್ಲಿ ಅಮೆರಿಕದ ಡೆಲವೇರ್‌ನಲ್ಲಿದ್ದ ತಾಯಿಯ ಬಳಿಗೆ ಹೋಗಿ ದುಡಿಯಬೇಕಾಯಿತು. ಆ ಊರಿನ ಕಾರು ಕಾರ್ಖಾನೆಯ ರಾತ್ರಿ ಪಾಳಿ ಅವನ ಹಾಡೊಂದರೊಳಗೂ ಬಂದಿದೆ.

ಎರಡನೆಯ ಭಾನುವಾರ: ಹೆಬ್ಬೆರಳು

ಈ ಸಲ ಹುಡುಗನ ತಾಯಿಯೂ ಬಂದರು. ಚಿತ್ರ ‘ಮಾರ್ಲಿ’, 2012ರದು. ಕೆವಿನ್ ಮ್ಯಾಕ್‌ಡೊನಾಲ್ಡ್ ಮಾಡಿದ ಸಾಕ್ಷ್ಯಚಿತ್ರ, ಸುಮಾರು ಎರಡೂವರೆ ಗಂಟೆ. ಕಟ್ಟುಕಥೆಯಿಲ್ಲ, ವೇಷ ಹಾಕಿದವರಿಲ್ಲ. ಮಾರ್ಲಿಯನ್ನು ಕಂಡವರು, ಜತೆಗೆ ಹಾಡಿದವರು, ಬಾಳಿದವರು, ಹೆತ್ತವಳ ಕಡೆಯವರು, ಅಪ್ಪನ ಕಡೆಯವರು ಒಬ್ಬೊಬ್ಬರಾಗಿ ಮಾತಾಡುತ್ತಾರೆ. ಚಿತ್ರ ಶುರುವಾಗುವುದು ಜಮೈಕಾದಲ್ಲಿ ಅಲ್ಲ, ಆಫ್ರಿಕದ ಘಾನಾ ಕರಾವಳಿಯ ಗುಲಾಮರ ಕೋಟೆಯಲ್ಲಿ. ಅಲ್ಲಿಂದ ಹಡಗೇರಿಸಿ ಕಳಿಸಿದವರು ಮತ್ತೆ ತಿರುಗಿ ಬಂದದ್ದಿಲ್ಲ. ಮಾರ್ಲಿಯ ಹಾಡು ಅರ್ಥವಾಗಬೇಕಾದರೆ ಆ ಬಾಗಿಲಿನಿಂದ ಹೊರಡಬೇಕು ಎಂಬುದು ನಿರ್ದೇಶಕನ ಮಾತು.

ಸೋದರನಂತೆ ಜತೆಯಲ್ಲಿ ಬೆಳೆದ ಬನಿ ವೈಲರ್ ಚಿತ್ರದಲ್ಲಿ ಬಾಯ್ತುಂಬ ಮಾತಾಡುತ್ತಾರೆ. ಈ ಹುಡುಗರಿಗೆ ಸ್ವರ ಸೇರಿಸಿ ಹಾಡಲು ಕಲಿಸಿದವರು ಟ್ರೆಂಚ್ ಟೌನ್‌ನ ಜೋ ಹಿಗ್ಸ್ ಎಂಬ ಗಾಯಕ. ತನ್ನ ವಠಾರದ ಅಂಗಳವನ್ನೇ ಪಾಠಶಾಲೆ ಮಾಡಿದ ಮನುಷ್ಯ. ಸಭಾಕಂಪ ಬಿಡಿಸಲು ಹುಡುಗರನ್ನು ನಡುರಾತ್ರಿ ಸ್ಮಶಾನಕ್ಕೆ ಕರೆದೊಯ್ದು ಹಾಡಿಸಿದ್ದರೆಂಬ ಕಥೆಯೂ ಇದೆ. ಸತ್ತವರ ಮುಂದೆ ಹಾಡಿದವನಿಗೆ ಬದುಕಿದವರ ಭಯವೇನು?

ಹುಡುಗನ ತಾಯಿ ಆಗ ನೇರವಾಗಿ ಕೇಳಿದರು. ‘ಇವರು ಹೊಗೆ ಸೇದಿದ್ದಕ್ಕೇ ಇಂಥ ಹಾಡು ಬಂತು ಅಂತ ನಮ್ಮ ಹುಡುಗರು ಹೇಳ್ತಾರಲ್ಲ, ಹೌದಾ?’

ಇದಕ್ಕೆ ಹೆತ್ತವರು ಬೆಚ್ಚದೆ, ಮಕ್ಕಳು ಜಾಣತನ ಮಾಡದೆ ಉತ್ತರ ಹುಡುಕಬೇಕು. ಮಾರ್ಲಿ ಗಾಂಜಾ ಸೇದುತ್ತಿದ್ದ, ಮುಚ್ಚಿಡುವಂಥದ್ದೇನಿಲ್ಲ. ಅವನು ನಂಬಿದ ರಾಸ್ತಾಫಾರಿ ಮತದವರಿಗೆ ಅದು ಪ್ರಾರ್ಥನೆಯ ಭಾಗ. ಆ ಹೆಸರು ಕೂಡ ನಮ್ಮ ಕಡೆಯಿಂದಲೇ ಹೋದದ್ದು. 1845ರಿಂದ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಹೋದ ಭಾರತೀಯರ ಜತೆ ಗಾಂಜಾ ಎಂಬ ಮಾತು ಜಮೈಕಾ ಸೇರಿತು. ಮಾರ್ಲಿ ಬದುಕಿದ್ದಾಗ ಅಲ್ಲಿಯೂ ಅದು ಅಪರಾಧವೇ. ಸಣ್ಣ ಪ್ರಮಾಣದ ಮಟ್ಟಿಗೆ ಕಾನೂನು ಸಡಿಲಾದದ್ದು 2015ರಲ್ಲಿ. ನಮ್ಮಲ್ಲಿ 1985ರ ಕಾಯ್ದೆಯ ಪ್ರಕಾರ ಇವತ್ತಿಗೂ ಜೈಲಿಗೆ ದಾರಿ.

ಆದರೆ ಹಾಡು? ಹೊಗೆಯಿಂದ ಹಾಡು ಬರುವ ಹಾಗಿದ್ದರೆ ಕೇರಿಗೊಬ್ಬ ಮಾರ್ಲಿ ಇರಬೇಕಿತ್ತು. ಜೋ ಹಿಗ್ಸ್‌ರ ಅಂಗಳದ ಪಾಠ, ಒಂದೇ ಹಾಡನ್ನು ಬೇಸರವಿಲ್ಲದೆ ಮತ್ತೆ ಮತ್ತೆ ತಿದ್ದುವ ಹಟ, ತಾಲೀಮಿನಲ್ಲಿ ಜತೆಗಾರರನ್ನು ಬಿಡದೆ ದುಡಿಸುವ ಶಿಸ್ತು, ಇವು ಪೋಸ್ಟರಿನಲ್ಲಿ ಕಾಣುವುದಿಲ್ಲ. ಬೆವರಿನ ಫೋಟೊ ಹೊಗೆಯ ಫೋಟೊದಷ್ಟು ಖರ್ಚಾಗುವುದಿಲ್ಲ, ಅಷ್ಟೆ.

ಚಿತ್ರದ ಕೊನೆಯ ಭಾಗ ಭಾರವಾದದ್ದು. 1977ರಲ್ಲಿ ಮಾರ್ಲಿಯ ಕಾಲಿನ ಹೆಬ್ಬೆರಳಿನ ಹುಣ್ಣು ಮಾಯದೆ ಹೋಯಿತು. ಫುಟ್‌ಬಾಲ್ ಆಡುವಾಗ ಆದ ಗಾಯವೆಂದೇ ಎಲ್ಲರ ಎಣಿಕೆ. ಪರೀಕ್ಷೆಯಲ್ಲಿ ತಿಳಿದದ್ದು ಉಗುರಿನ ಅಡಿಯ ಚರ್ಮದ ಕ್ಯಾನ್ಸರ್, ಮೆಲನೋಮ. ಆಟದ ಪೆಟ್ಟಿನಿಂದ ಕ್ಯಾನ್ಸರ್ ಹುಟ್ಟಲಿಲ್ಲ, ಪೆಟ್ಟಿನ ನೆಪದಲ್ಲಿ ಅದು ಕಣ್ಣಿಗೆ ಬಿತ್ತು. ಬೆರಳು ತೆಗೆಯಬೇಕೆಂಬ ಸಲಹೆ ಬಂತು. ದೇಹವನ್ನು ಕತ್ತರಿಸಬಾರದು ಎಂಬುದು ಅವನ ಮತದ ನಂಬಿಕೆ. ಜತೆಗೆ ವೇದಿಕೆಯ ಕುಣಿತ, ಪ್ರಾಣಕ್ಕಿಂತ ಹೆಚ್ಚಾದ ಫುಟ್‌ಬಾಲು. ಬೆರಳು ಉಳಿಯಿತು. ಉಗುರು, ಚರ್ಮವಷ್ಟೇ ತೆಗೆದು ಬೇರೆ ಚರ್ಮ ಕಸಿ ಮಾಡಿದರು. ಮೂರು ವರ್ಷ ಊರೂರು ತಿರುಗಿದ. 1980ರ ಏಪ್ರಿಲ್‌ನಲ್ಲಿ ಜಿಂಬಾಬ್ವೆಯ ಸ್ವಾತಂತ್ರ್ಯದ ರಾತ್ರಿ ಅಲ್ಲಿ ಹಾಡಿದ. ಅದೇ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಉದ್ಯಾನವೊಂದರಲ್ಲಿ ಓಡುತ್ತಿದ್ದಾಗ ಕುಸಿದ. ರೋಗ ಅಷ್ಟರಲ್ಲಿ ಮೈಯೆಲ್ಲ ಹಬ್ಬಿತ್ತು. 23ರಂದು ಪಿಟ್ಸ್‌ಬರ್ಗಿನಲ್ಲಿ ಕೊನೆಯ ಕಛೇರಿ. ಜರ್ಮನಿಯ ಬವೇರಿಯದ ಹಿಮದ ಊರಿನಲ್ಲಿ ಬದಲಿ ಚಿಕಿತ್ಸೆ. ಊರಿಗೆ ಮರಳುವ ದಾರಿಯಲ್ಲಿ ಮಯಾಮಿಯಲ್ಲಿ ಮರಣ.

ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದರು. ಕಳೆದ ವರ್ಷ ತಮ್ಮ ಕಾಲಿನ ಗಾಯಕ್ಕೆ ಡಾಕ್ಟರ ಬಳಿ ಹೋಗಲು ಅವರು ಎಂಟು ತಿಂಗಳು ಮೀನಮೇಷ ಎಣಿಸಿದ್ದು ಅವರ ಮನೆಯವರಿಗೂ ನೆನಪಾಗಿರಬೇಕು. ‘ಒಂದು ಬೆರಳು’ ಎಂದರು ಆಕೆ, ಅಷ್ಟೇ.

ಈ ಚಿತ್ರದ ಇನ್ನೊಂದು ಗುಣ ಹೇಳಬೇಕು. ಮಾರ್ಲಿಗೆ ಹಲವು ಹೆಂಗಸರಲ್ಲಿ ಹುಟ್ಟಿದ, ಅಧಿಕೃತವಾಗಿಯೇ ಹನ್ನೊಂದು ಮಕ್ಕಳು. ಹೆಂಡತಿ ರೀಟಾ ಅವನ ಹಿಂದೆ ನಿಂತು ಹಾಡಿದವಳೂ ಹೌದು, ನುಂಗಿಕೊಂಡವಳೂ ಹೌದು. ಲೋಕಕ್ಕೆಲ್ಲ ಪ್ರೀತಿ ಹಂಚಿದವನು ಮನೆಗೆ ಎಷ್ಟು ಉಳಿಸಿದ ಎಂದು ನಿರ್ದೇಶಕ ಮಕ್ಕಳನ್ನೇ ಕೇಳುತ್ತಾನೆ. ಮಗಳು ಸೆಡೆಲಾಳ ಮಾತಿನಲ್ಲಿ ಪ್ರೀತಿಯಿದೆ, ಕಹಿಯೂ ಇದೆ. ನಿರ್ದೇಶಕ ಎರಡನ್ನೂ ಹಾಗೆಯೇ ಬಿಟ್ಟಿದ್ದಾನೆ.

ಮೂರನೆಯ ಭಾನುವಾರ: ಕೈ ಹಿಡಿಸಿದ ಗಳಿಗೆ

‘ಬಾಬ್ ಮಾರ್ಲಿ: ಒನ್ ಲವ್’ ತೆರೆ ಕಂಡದ್ದು 2024ರ ಫೆಬ್ರುವರಿಯಲ್ಲಿ. ನಿರ್ದೇಶಕ ರೆನಾಲ್ಡೊ ಮಾರ್ಕಸ್ ಗ್ರೀನ್. ಮಾರ್ಲಿಯಾಗಿ ಲಂಡನ್ನಿನ ನಟ ಕಿಂಗ್ಸ್ಲಿ ಬೆನ್-ಅದಿರ್, ರೀಟಾ ಆಗಿ ಲಶಾನಾ ಲಿಂಚ್. ವಿಮರ್ಶಕರು ಅರೆಮನಸ್ಸಿನಿಂದ ಮೆಚ್ಚಿದರೆ ಜನ ಮುಗಿಬಿದ್ದು ನೋಡಿದರು. ಲೋಕದಾದ್ಯಂತ ಸುಮಾರು 18 ಕೋಟಿ ಡಾಲರ್ ಗಳಿಕೆ. ಒಂದು ವಿಷಯ ನೆನಪಿಡಿ: ನಿರ್ಮಾಪಕರ ಪಟ್ಟಿಯಲ್ಲಿ ಮಾರ್ಲಿಯ ಹೆಂಡತಿ, ಮಗ, ಮಗಳು ಮೂವರೂ ಇದ್ದಾರೆ.

ಈ ಚಿತ್ರ ಬದುಕನ್ನೆಲ್ಲ ಹೇಳಹೊರಡುವುದಿಲ್ಲ. 1976ರಿಂದ 1978ರವರೆಗಿನ ಎರಡು ವರ್ಷ ಆರಿಸಿಕೊಂಡು ಬಾಲ್ಯವನ್ನು ಆಗಾಗ ನೆನಪಾಗಿ ತರುತ್ತದೆ. ಆಗ ಜಮೈಕಾ ಹೊತ್ತಿ ಉರಿಯುತ್ತಿತ್ತು. ಪ್ರಧಾನಿ ಮೈಕೆಲ್ ಮ್ಯಾನ್ಲಿಯ ಪಕ್ಷ ಒಂದು ಕಡೆ, ಎಡ್ವರ್ಡ್ ಸಿಯಾಗಾರ ಪಕ್ಷ ಇನ್ನೊಂದು ಕಡೆ. ಬಡವರ ಕೇರಿಗಳನ್ನು ಪಕ್ಷಗಳು ಹಂಚಿಕೊಂಡು ಹುಡುಗರ ಕೈಗೆ ಬಂದೂಕು ಬಂದಿತ್ತು. ಜನರ ಮನಸ್ಸು ತಣಿಸಲೆಂದು ಮಾರ್ಲಿ ಡಿಸೆಂಬರ್ 5ಕ್ಕೆ ಉಚಿತ ಕಛೇರಿ ಒಪ್ಪಿಕೊಂಡ. 3ರ ರಾತ್ರಿ ಬಂದೂಕುಧಾರಿಗಳು ಹೋಪ್ ರೋಡಿನ ಅವನ ಮನೆಗೆ ನುಗ್ಗಿದರು. ಮಾರ್ಲಿಗೆ ಎದೆ, ತೋಳು ಸವರಿ ಗುಂಡು ಹೋಯಿತು. ರೀಟಾಳ ತಲೆಗೆ ತಗುಲಿತು. ಮ್ಯಾನೇಜರ್ ಡಾನ್ ಟೇಲರ್‌ಗೆ ಹಲವು ಗುಂಡು. ಯಾರೂ ಸಾಯಲಿಲ್ಲ, ಅದೇ ಸೋಜಿಗ. ಎರಡು ದಿನಕ್ಕೆ ಮಾರ್ಲಿ ವೇದಿಕೆ ಹತ್ತಿ ಹಾಡಿದ. ತಲೆಗೆ ಪಟ್ಟಿ ಸುತ್ತಿದ ರೀಟಾ ಪಕ್ಕದಲ್ಲಿದ್ದಳು.

ಈ ಘಟನೆ ಸಿನಿಮಾದವರಿಗೆ ಬಿಡದ ಮೋಹ. 2007ರ ‘ಐ ಆ್ಯಮ್ ಲೆಜೆಂಡ್’ ಎಂಬ ಹಾಲಿವುಡ್ ಚಿತ್ರದಲ್ಲಿ ಲೋಕವೇ ನಾಶವಾದ ಮೇಲೆ ಉಳಿದ ವಿಜ್ಞಾನಿಯೊಬ್ಬ ಧೈರ್ಯಕ್ಕೆಂದು ಹೇಳುವ ಕಥೆ ಇದೇ. 2018ರ ‘ಹೂ ಶಾಟ್ ದಿ ಶೆರಿಫ್?’ ಎಂಬ ಸಾಕ್ಷ್ಯಚಿತ್ರ ಪತ್ತೇದಾರನ ಹಾಗೆ ಗುಂಡು ಹಾರಿಸಿದವರು ಯಾರು, ಹಿಂದೆ ಯಾರಿದ್ದರು ಎಂದು ಕೆದಕುತ್ತದೆ. ‘ಒನ್ ಲವ್’ಗೆ ಪತ್ತೇದಾರಿ ಬೇಕಿಲ್ಲ, ಅದರ ಆಸಕ್ತಿ ಕ್ಷಮೆಯಲ್ಲಿ. ಒಂದೇ ಘಟನೆ ಒಂದು ಕಡೆ ಧೈರ್ಯದ ಕಥೆ, ಒಂದು ಕಡೆ ಸಂಚಿನ ಕಥೆ, ಒಂದು ಕಡೆ ಕ್ಷಮೆಯ ಕಥೆ.

ಗುಂಡೇಟಿನ ಮೇಲೆ ಮಾರ್ಲಿ ಲಂಡನ್ನಿಗೆ ಹೋದ. ಅಲ್ಲಿ ಹುಟ್ಟಿದ್ದು 1977ರ ‘ಎಕ್ಸೋಡಸ್’. ಶತಮಾನದ ಆಲ್ಬಂ ಎಂದು 1999ರಲ್ಲಿ ಟೈಮ್ ಪತ್ರಿಕೆ ಆರಿಸಿದ್ದು ಇದನ್ನೇ. 1978ರ ಏಪ್ರಿಲ್ 22ರಂದು ತಾಯ್ನಾಡಿಗೆ ಮರಳಿ ಶಾಂತಿ ಕಛೇರಿಯಲ್ಲಿ ಹಾಡಿದ. ಮ್ಯಾನ್ಲಿ, ಸಿಯಾಗಾ ಇಬ್ಬರನ್ನೂ ವೇದಿಕೆಗೆ ಕರೆದು ಇಬ್ಬರ ಕೈಗಳನ್ನೂ ತನ್ನ ತಲೆಯ ಮೇಲೆ ಎತ್ತಿ ಕೂಡಿಸಿದ. ‘ಒನ್ ಲವ್’ ಈ ಕಛೇರಿಯ ಹೊತ್ತಿಗೆ ಬಂದು ನಿಲ್ಲುತ್ತದೆ. ಆಮೇಲಿನದು ಕೆಲವು ಸಾಲು ಬರಹ.

ದೀಪ ಹಾಕಿದೆ. ಹುಡುಗನ ಕಣ್ಣು ಹೊಳೆಯುತ್ತಿತ್ತು. ಮೇಷ್ಟ್ರಿಗೂ ಚಿತ್ರ ಹಿಡಿಸಿತ್ತು. ‘ಸಂತನ ಹಾಗಿದ್ದಾನೆ ಸಾರ್!’ ದಾಸರ, ಸಂತರ ಸಿನಿಮಾ ನೋಡಿ ಬೆಳೆದ ಪೀಳಿಗೆ ನಮ್ಮದು. ಗುರುತು ಹಿಡಿಯಲು ಕಷ್ಟವಾಗಲಿಲ್ಲ.

‘ಮೇಷ್ಟ್ರೇ, ಮರುದಿನ ಏನಾಯಿತು ಅಂತ ಕೇಳಲಿಲ್ಲವಲ್ಲ?’ ಎಂದೆ.

ಏಪ್ರಿಲ್ 23ರಿಂದ ಮುಂದೆ

ಆ ಕಛೇರಿ ನಡೆಯಲು ಕಾರಣರಾದವರು ಎರಡು ಎದುರಾಳಿ ಕೇರಿಗಳ ಇಬ್ಬರು ನಾಯಕರು, ಕ್ಲಾಡಿ ಮಸೋಪ್ ಮತ್ತು ಬಕಿ ಮಾರ್ಷಲ್. ಜೈಲಿನಲ್ಲಿ ಮಾತಾಡಿಕೊಂಡು ರಾಜಿಯಾದವರು. 1979ರಲ್ಲಿ ಮಸೋಪ್ ಪೊಲೀಸರ ಗುಂಡಿಗೆ ಸತ್ತ. 1980ರಲ್ಲಿ ಮಾರ್ಷಲ್‌ನನ್ನು ನ್ಯೂಯಾರ್ಕಿನಲ್ಲಿ ಗುಂಡಿಟ್ಟು ಕೊಂದರು. ಆ ವರ್ಷದ ಚುನಾವಣೆಯ ಹೊತ್ತಿಗೆ ಪುಟ್ಟ ಜಮೈಕಾದಲ್ಲಿ ಎಂಟು ನೂರಕ್ಕೂ ಹೆಚ್ಚು ಜನ ಕೊಲೆಯಾದರು. ಅದೇ ಶಾಂತಿ ಕಛೇರಿಯಲ್ಲಿ ಹಳೆಯ ಗೆಳೆಯ ಪೀಟರ್ ಟಾಷ್ ಇಬ್ಬರು ನಾಯಕರ ಎದುರಿಗೇ ಪೊಲೀಸರ ದಬ್ಬಾಳಿಕೆಯನ್ನು ಝಾಡಿಸಿದ್ದ. ಕೆಲವೇ ತಿಂಗಳಲ್ಲಿ ಪೊಲೀಸರು ಅವನನ್ನು ಸಾಯುವಂತೆ ಬಡಿದರು. 1987ರಲ್ಲಿ ಅವನು ತನ್ನ ಮನೆಯಲ್ಲೇ ಕೊಲೆಯಾದ. ಅವನ ಕಥೆಗೆ ‘ಸ್ಟೆಪಿಂಗ್ ರೇಜರ್: ರೆಡ್ ಎಕ್ಸ್’ ಎಂಬ ಬೇರೆಯೇ ಸಾಕ್ಷ್ಯಚಿತ್ರವಿದೆ. ಮಾರ್ಲಿಯ ಚಿತ್ರಗಳಿಗೆ ಹೋಲಿಸಿದರೆ ನೋಡಿದವರು ಕಡಿಮೆ. ಸಿಟ್ಟಿನವನ ಪೋಸ್ಟರು ಅಷ್ಟಾಗಿ ಬಿಕರಿಯಾಗುವುದಿಲ್ಲ.

ಹಾಗಾದರೆ ‘ಒನ್ ಲವ್’ ಸುಳ್ಳು ಹೇಳಿತೆ? ಇಲ್ಲ. ಕೈ ಹಿಡಿಸಿದ್ದು ನಿಜ. ಅಲ್ಲಿ ಸೇರಿದ್ದ ಸಾವಿರಾರು ಜನರ ಕಣ್ಣೀರೂ ನಿಜ. ಆದರೆ ಸಿನಿಮಾ ಎಲ್ಲಿ ಶುರುವಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದರಲ್ಲೇ ಅದರ ಅರ್ಧ ಅಭಿಪ್ರಾಯ ಅಡಗಿರುತ್ತದೆ. ಗುಲಾಮರ ಕೋಟೆಯಿಂದ ಶುರು ಮಾಡಿದರೆ ಮಾರ್ಲಿ ಒಂದು ಜನಾಂಗದ ದನಿ. ಕೈ ಹಿಡಿಸಿದ ಗಳಿಗೆಯಲ್ಲಿ ನಿಲ್ಲಿಸಿದರೆ ಅವನು ಶಾಂತಿದೂತ. ಎರಡು ವರ್ಷ ಮುಂದೆ ಹೋಗಿ ನಿಲ್ಲಿಸಿದರೆ, ಹಾಡಿನಿಂದ ಬಂದೂಕು ಕೆಳಗಿಡಿಸಲು ಹೊರಟು ಸೋತ ಮನುಷ್ಯ. ಮೂರೂ ಅವನೇ.

ಹಾಡಿನ ವಿಷಯದಲ್ಲೂ ಹೀಗೇ ಆಯಿತು. ಅವನು ಸತ್ತ ಮೂರು ವರ್ಷಕ್ಕೆ, 1984ರಲ್ಲಿ, ‘ಲೆಜೆಂಡ್’ ಎಂಬ ಸಂಕಲನ ಬಂತು. ಎರಡೂವರೆ ಕೋಟಿಗೂ ಮೀರಿ ಮಾರಾಟವಾದ ಅದರಲ್ಲಿ ಪ್ರೀತಿಯ, ನೆಮ್ಮದಿಯ ಹಾಡುಗಳೇ ಹೆಚ್ಚು. ಗುಲಾಮಗಿರಿ, ಹಸಿವು, ದಂಗೆಯ ಬಗ್ಗೆ ಗುಡುಗಿದ ಹಾಡುಗಳಲ್ಲಿ ಬಹಳಷ್ಟು ಹೊರಗುಳಿದವು. ಅರ್ಧ ಲೋಕ ಮಾರ್ಲಿಯನ್ನು ಬಲ್ಲದ್ದು ಆ ಸಂಕಲನದಿಂದ. ಅವನು ಉಯಿಲು ಬರೆಯದೆ ಸತ್ತದ್ದರಿಂದ ಆಸ್ತಿಯ ವ್ಯಾಜ್ಯ ವರ್ಷಾನುಗಟ್ಟಲೆ ಕೋರ್ಟಿನಲ್ಲಿ ನಡೆಯಿತು. ಈಗ ಹೆಸರು, ಮುಖ, ಹಾಡು ಎಲ್ಲವನ್ನೂ ಕಾಯುವವರು ಮನೆಯವರು. ಅಪ್ಪನ ಬಗ್ಗೆ ಮಕ್ಕಳೇ ಸಿನಿಮಾ ಮಾಡಿದರೆ ನಮಗೆ ಹೊರಗಿನವರಿಗೆ ಸಿಗದ ಆಪ್ತ ಸಂಗತಿ ಸಿಗುತ್ತವೆ, ಕೆಲವು ಸಂಗತಿ ಸಿಗದೆಯೂ ಹೋಗುತ್ತವೆ. ಎರಡನ್ನೂ ತಿಳಿದು ನೋಡಿದರೆ ಮೋಸವಿಲ್ಲ.

ವಿದ್ಯಾರ್ಥಿಗಳೆ, ಯಾರದೇ ಬದುಕಿನ ಸಿನಿಮಾ ನೋಡಿದರೂ ಮನೆಗೆ ಬಂದು ಮೂರು ಪ್ರಶ್ನೆ ಹಾಕಿಕೊಳ್ಳಿ. ಇದು ಎಲ್ಲಿಂದ ಶುರುವಾಯಿತು? ಎಲ್ಲಿ ನಿಂತಿತು? ಹಣ ಹಾಕಿದವರು ಯಾರು? ಹೆತ್ತವರೆ, ನೀವು ಹಾಕಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ಮಗನ ಗೋಡೆಯ ಮೇಲಿನ ಮುಖ ಯಾರದೆಂದು ಅವನನ್ನೇ ಕೇಳಿದಿರಾ?

ಪೋಸ್ಟರು ಎಂದರೂ ಒಂದು ಸಿನಿಮಾವೇ. ಹೊಗೆ ಬಿಟ್ಟ ಒಂದು ಕ್ಷಣದಲ್ಲಿ ಶುರುವಾಗಿ ಅದೇ ಕ್ಷಣದಲ್ಲಿ ಮುಗಿಯುತ್ತದೆ. ವೆಲ್ಡಿಂಗ್ ಅಂಗಡಿ ಇಲ್ಲ, ಸ್ಮಶಾನದ ತಾಲೀಮು ಇಲ್ಲ, ರಾತ್ರಿ ಪಾಳಿ ಇಲ್ಲ, ಹೆಬ್ಬೆರಳೂ ಇಲ್ಲ.

ತೀರ್ಪಿನ ದಿನ ಬೀರುವಿನ ಮೇಲಿನ ಸುರುಳಿಯನ್ನು ಹುಡುಗನ ಕೈಗೆ ಕೊಟ್ಟೆ. ಬಿಚ್ಚಿ ಸ್ವಲ್ಪ ಹೊತ್ತು ನೋಡಿ ಮತ್ತೆ ಸುತ್ತಿದ. ‘ಇದು ಬೇಡ ಅಂಕಲ್. ಗಿಟಾರ್ ಹಿಡಿದಿರೋ ಫೋಟೊ ಸಿಗತ್ತೆ, ಅದನ್ನ ಹಾಕ್ತೀನಿ.’ ಆಮೇಲೆ ಅಪ್ಪನ ಕಡೆ ನೋಡಿ, ‘ಸರಸ್ವತಿ ಪಕ್ಕದಲ್ಲಿ’ ಎಂದ.

ಮೇಷ್ಟ್ರು ಏನೂ ಹೇಳಲಿಲ್ಲ. ಗೇಟಿನ ತನಕ ಹೋದವರು ಹಿಂತಿರುಗಿ ಬಂದು ತಗ್ಗಿದ ದನಿಯಲ್ಲಿ ಕೇಳಿದರು:

‘ಆ ಅಂಗಳದಲ್ಲಿ ಹಾಡು ಹೇಳಿಕೊಟ್ಟರಲ್ಲ ಸಾರ್, ಆ ಮೇಷ್ಟ್ರ ಹೆಸರೇನಂದಿರಿ?’

ಜೋ ಹಿಗ್ಸ್ ಎಂದೆ. ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡರು.